ನನ್ನ ಲಾರಿಯ ಸೆಪರೇಟರಿಗೆ ಮುಡುಪು ಬಿದ್ದದ್ದು

ಏಜೆಂಟು ಚೆಂಡುಹೂವಿನ ಚೀಲದ ಬಾಯಿ ಬಿಚ್ಚಿ ಮೂಗು ತೂರಿಸಿದ. ಆಮೇಲೆ ನನ್ನ ಕತ್ತು ಹಿಡಿದು ನನ್ನ ಮೂಗನ್ನೂ ಅದರೊಳಕ್ಕೆ ತಳ್ಳಿದ.

"ಏನ್ ವಾಸ್ನ ಬತ್ತದ, ಯೋಳು."

"ಹೂವಿಂದು ಕಣಣ್ಣ."

"ಇನ್ನೊಂದ್ಸಲ ಎಳ್ಕೊ."

ಎಳೆದುಕೊಂಡೆ. ಎಂಜಿನ್ ಆಯಿಲ್. ಅದೂ ಸುಟ್ಟ ಆಯಿಲ್. ಹಿಂದಿನ ದಿನ ಕೇರಳದ ಸುಲ್ತಾನ್ ಬತ್ತೇರಿಗೆ ನಾನೇ ಹೊಡೆದ ಲೋಡು ಅದು. ಅಲ್ಲಿನ ವ್ಯಾಪಾರಿ ನಾಲ್ಕು ಚೀಲ ಬೇಡ ಅಂದು ನನ್ನ ಲಾರಿಗೇ ವಾಪಸ್ ಹತ್ತಿಸಿದ್ದ. ಓಣಂಗೆ ಮನೆ ಮುಂದೆ ಹೂವಿನ ರಂಗೋಲಿ ಹಾಕುವ ಜನ. ಅಂಗಳ ಗ್ಯಾರೇಜಿನ ಹಾಗೆ ನಾರಬಾರದು ಅಂದರೆ ಅವರದೇನೂ ತಪ್ಪಿಲ್ಲ.

ಏಜೆಂಟು ಗುಂಡ್ಲುಪೇಟೆಯಲ್ಲಿ ರೈತರಿಂದ ಹೂವು ತೆಗೆದು ಕೇರಳಕ್ಕೆ ಕಳಿಸುವವನು. ಯಾರ ಲಾರಿಗೆ ಲೋಡು ಅಂತ ಅವನೇ ಹೇಳಬೇಕು. ಅವನು ನನಗೆ ಆರು ದಿನ ಟೈಮು ಕೊಟ್ಟ. ಅಷ್ಟರಲ್ಲಿ ವಾಸನೆ ನಿಲ್ಲದಿದ್ದರೆ ಓಣಂ ಮುಗಿಯುವವರೆಗೂ ಹೂವೆಲ್ಲ ಪಕ್ಕದ ಹಂಗಳ ಊರಿನವನೊಬ್ಬನ ಹೊಸ ಲಾರಿಗೆ. ನನಗೆ ವರ್ಷದಲ್ಲಿ ನಂಬಿಕೆಯ ಬಾಡಿಗೆ ಅಂದರೆ ಈ ಹೂವು ಒಂದೇ. ಉಳಿದ ತಿಂಗಳು ಯಾರು ಕರೆದರೆ ಅವರ ಬಾಗಿಲಿಗೆ ಹೋಗುವುದು. ಅದು ಕೈಬಿಟ್ಟರೆ ಅಪ್ಪನ ಕಾಲದ ಆರು ಚಕ್ರದ ಲಾರಿಯನ್ನು ಮನೆ ಮುಂದೆ ನಿಲ್ಲಿಸಿ ಕೋಳಿ ಸಾಕಬೇಕು.

ಲಾರಿ ಓಡಿಸದವರಿಗೆ ಇಷ್ಟು ಹೇಳಬೇಕು. ಎಂಜಿನ್ನಿಗೂ ಉಸಿರು ಬಿಡುವುದಕ್ಕೆ ಒಂದು ಪೈಪು ಇರುತ್ತದೆ. ಬ್ರೀದರ್ ಅಂತಾರೆ. ಎಂಜಿನ್ ಹಳೆಯದಾಗಿ ಪಿಸ್ಟನ್ನಿನ ರಿಂಗು ಸವೆದರೆ, ಮೇಲೆ ಉರಿದ ಹೊಗೆ ಕೆಳಗಿನ ಆಯಿಲ್ಲಿಗೆ ನುಗ್ಗಿ, ಅದನ್ನು ಮಂಜಿನ ಹಾಗೆ ಹೊತ್ತುಕೊಂಡು ಈ ಪೈಪಿನಲ್ಲಿ ಆಚೆ ಬರುತ್ತದೆ. ನನ್ನ ಲಾರಿಯಲ್ಲಿ ಆ ಪೈಪಿನ ಬಾಯಿ ಕ್ಯಾಬಿನ್ನಿನ ಹಿಂದೆ, ಬಾಡಿಯ ಹಲಗೆಗೆ ಎದುರಾಗಿತ್ತು. ಗಾಳಿ ಆ ಮಂಜನ್ನು ಹಲಗೆ ಸಂದಿಯಿಂದ ಹೂವಿಗೆ ಉಗಿಯುತ್ತಿತ್ತು. ಪೈಪನ್ನು ಕೆಳಕ್ಕೆ ತಿರುಗಿಸಿ ನೋಡಿದ್ದೆ. ಆಯಿಲ್ ಬಿಸಿ ಸೈಲೆನ್ಸರಿನ ಮೇಲೆ ತೊಟ್ಟಿಕ್ಕಿ ಇನ್ನೂ ಜಾಸ್ತಿ ನಾರಿತು. ಈರುಳ್ಳಿ, ಕೋಸು ಹೇರುವಾಗ ಯಾರೂ ಮೂಗು ಹಾಕಿ ನೋಡಿದವರಲ್ಲ. ಹೂವು ಅಂದ ತಕ್ಷಣ ಎಲ್ಲರಿಗೂ ಮೂಗು ಇರುವುದು ನೆನಪಾಗುತ್ತದೆ.

ಬುದ್ಧಿ ಹೇಳುವವರಿಗೆ ಬರ ಇರಲಿಲ್ಲ. ಟೀ ಅಂಗಡಿಯವನು ಬಾಡಿಯೊಳಗೆ ಊದುಬತ್ತಿ ಕಟ್ಟು ಅಂದ. ಹೂವಿನ ಚೀಲದ ಪಕ್ಕ, ಟಾರ್ಪಾಲಿನ ಕೆಳಗೆ, ಊದುಬತ್ತಿ. ಇನ್ನೊಬ್ಬ, ಎಂಜಿನ್ನಿಗೆ ದೃಷ್ಟಿಯಾಗಿದೆ, ನಿಂಬೆಹಣ್ಣು ಇಳಿ ತೆಗೆ ಅಂದ. ಇಪ್ಪತ್ತು ವರ್ಷದ ಎಂಜಿನ್ನಿಗೆ ಯಾರು ದೃಷ್ಟಿ ಹಾಕುತ್ತಾರೋ ನನಗೆ ಗೊತ್ತಿಲ್ಲ.

ಚಾಮರಾಜನಗರದಲ್ಲಿ ನಮ್ಮ ಮೇಸ್ತ್ರಿ ಇದ್ದಾನೆ. ಅಪ್ಪನ ಕಾಲದಿಂದ ಈ ಲಾರಿ ನೋಡುತ್ತಿರುವ ಮೆಕ್ಯಾನಿಕ್ಕು. ಅವನ ಹತ್ತಿರ ಗಾಡಿ ತಗೊಂಡು ಹೋದೆ. ಅವನು ಬ್ರೀದರ್ ಪೈಪಿಗೆ ಅಂಗೈ ಹಿಡಿದ, ಅಂಗೈ ನೋಡಿದ, ನನ್ನ ಪ್ಯಾಂಟಿಗೆ ಒರೆಸಿದ. ಎಂಜಿನ್ ಇಳಿಸಿ ಬೋರ್ ಮಾಡಿಸಿ ಹೊಸ ರಿಂಗು ಹಾಕಬೇಕು, ಹದಿನೈದು ದಿನ ಬೇಕು ಅಂದ. ಅಷ್ಟರಲ್ಲಿ ಓಣಂ ಮುಗಿದು ಹೋಗುತ್ತದೆ ಅಂದೆ. ಹಾಗಾದರೆ ಸದ್ಯಕ್ಕೆ ಒಂದು ಆಯಿಲ್ ಸೆಪರೇಟರ್ ಹಾಕು ಅಂದ. ಹೊಗೆಯಿಂದ ಆಯಿಲ್ ಬೇರೆ ಮಾಡಿ ಹಿಡಿದುಕೊಳ್ಳುವ ಡಬ್ಬ. ಬರೀ ಹೊಗೆ ಆಚೆ ಹೋಗುತ್ತದೆ.

ಅದನ್ನು ಕೊಳ್ಳೋಣ ಅಂತ ಅದೇ ಊರಿನ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. ಗಾಜಿನ ಬಾಗಿಲು, ಒಳಗೆ ತಣ್ಣಗೆ. ಚಪ್ಪಲಿ ಆಚೆ ಬಿಡಬೇಕೋ ಏನೋ ಅಂತ ಒಂದು ನಿಮಿಷ ನಿಂತೆ. ಕೌಂಟರಿನವನು ಕಂಪ್ಯೂಟರಿನಲ್ಲಿ ಬಣ್ಣಬಣ್ಣದ ಚಿತ್ರ ತೋರಿಸಿದ. ಒಳಗೆ ಎಷ್ಟು ಪದರ, ಯಾವ ದೇಶದ ಕಾಗದ, ಪರಿಸರಕ್ಕೆ ಏನು ಉಪಕಾರ, ಎಲ್ಲ ಹೇಳಿದ. ಅರ್ಧ ಗಂಟೆ ಆಯಿತು. ಎಲ್ಲ ಕೇಳಿಸಿಕೊಂಡ ಮೇಲೆ ನನ್ನ ಗಾಡಿಯ ಮಾಡೆಲ್ ಹೇಳಿದೆ. ಅದಕ್ಕೆ ಬರುವುದಿಲ್ಲ ಅಂದ. ಮತ್ತೆ ಏನು ಮಾಡಲಿ ಅಂದೆ. ಹೊಸ ಲಾರಿ ತಗೊಂಡರೆ ಕಂಪನಿಯಿಂದಲೇ ಫಿಟ್ ಆಗಿ ಬರುತ್ತದೆ ಅಂದ. ನಗಲಿಲ್ಲ. ನಿಜವಾಗಿ ಹೇಳಿದ.

ವಾಪಸ್ ಬಂದಾಗ ಮೇಸ್ತ್ರಿ, ಕೊಳ್ಳೋದು ಬೇಡ, ಮಾಡಿಸು ಅಂದ. ದಪ್ಪ ಸ್ಟೀಲಿನ ಡಬ್ಬ. ಪಕ್ಕದಿಂದ ಎಂಜಿನ್ನಿನ ಪೈಪು ಒಳಗೆ. ನಡುವೆ ಒಂದು ಜಾಲರಿ, ಅದರ ಕೆಳಗೆ ಪಾತ್ರೆ ಉಜ್ಜುವ ಸ್ಟೀಲ್ ನಾರು ತುರುಕಬೇಕು. ಆಯಿಲ್ ನಾರಿಗೆ ಅಂಟಿ ಕೆಳಕ್ಕೆ ಇಳಿಯುತ್ತದೆ. ತಳದಲ್ಲಿ ಒಂದು ನಲ್ಲಿ, ತುಂಬಿದಾಗ ಬಿಟ್ಟುಕೊಳ್ಳುವುದಕ್ಕೆ. ಮೇಲೆ ಹೊಗೆ ಹೋಗುವುದಕ್ಕೆ ಬಾಯಿ. ಇಷ್ಟು ಹೇಳಿ ಸ್ಪ್ಯಾನರಿನಲ್ಲಿ ನನ್ನ ಎದೆಗೆ ತಿವಿದ.

"ಒಳಿಕ್ ಬರೋ ಬಾಯಿ ಎಷ್ಟೋ ಆಚ್ಗ ಓಗೋ ಬಾಯಿನೂ ಅಷ್ಟೇ ಇರ್ಬೇಕು. ಅದ ಮುಚ್ಕಂಡ್ರ ಎಂಜಿನ್ನು ಉಬ್ಬಿ ಸೀಲೆಲ್ಲ ಕಿತ್ಕಂಡ್ ಓಯ್ತದ. ತಿಳೀತ್ಲಾ?"

ತಿಳಿಯಿತು ಅಂದೆ.

ಅದೇ ಊರಲ್ಲಿ ಸ್ಟೀಲ್ ವೆಲ್ಡಿಂಗ್ ಚೆನ್ನಾಗಿ ಮಾಡುವವನು ಒಬ್ಬನೇ ಸಿಕ್ಕಿದ. ಅವನು ದೇವಸ್ಥಾನಗಳಿಗೆ ಹುಂಡಿ ಮಾಡುವವನು. ಶೆಡ್ಡಿನ ತುಂಬ ಸಣ್ಣದು, ದೊಡ್ಡದು, ಗೋಡೆಗೆ ಹಾಕುವುದು, ನೆಲಕ್ಕೆ ಊರುವುದು, ಬರೀ ಹುಂಡಿ. ನನ್ನ ಡಬ್ಬದ ಚಿತ್ರವನ್ನು ಸಿಗರೇಟ್ ಪ್ಯಾಕಿನ ಹಿಂದೆ ಬರೆದುಕೊಟ್ಟೆ. ಮಾರನೇ ದಿನ ಹೋದರೆ ನನಗೂ ಒಂದು ಹುಂಡಿ ಮಾಡಿಟ್ಟಿದ್ದ. ದುಂಡಗೆ, ಮೇಲೆ ಗುಮ್ಮಟ, ಗುಮ್ಮಟದ ತುದಿಗೆ ಕಳಸದಂಥ ಗುಂಡು, ಗುಮ್ಮಟದ ಮುಂದೆ ಉದ್ದಕ್ಕೆ ಒಂದು ಸೀಳು. ಬೀಗ ಹಾಕುವುದಕ್ಕೆ ಕೊಂಡಿ ಬೇರೆ.

ಹೊಗೆ ಆಚೆ ಹೋಗುವ ಪೈಪು ಎಲ್ಲಿ ಅಂದೆ. ಪೈಪಿನ ಬಾಯಿಯಷ್ಟೇ ಜಾಗ ಈ ಸೀಳಿನಲ್ಲೂ ಇದೆ, ಅಳೆದು ಕೊಯ್ದಿದ್ದೇನೆ ಅಂದ. ಟೇಪು ಹಿಡಿದು ತೋರಿಸಿದ. ಸುಳ್ಳಲ್ಲ. ಗುಮ್ಮಟ ಯಾಕೆ ಅಂದೆ.

"ಮಳ ನೀರು ನಿಲ್ಬಾರ್ದಲ್ಲಪ್ಪ. ಅಲ್ದೆ ಚಂದಾಗೂ ಇರ್ಬೇಕು. ನಾನ್ ಮಾಡ್ದ ಮಾಲು ರೋಡಲ್ಲಿ ಓಡಾಡ್ತದ."

ಚಂದ ಯಾರಿಗೆ ಬೇಕಿತ್ತು. ಬೀಗದ ಕೊಂಡಿ ಕೊಯ್ದು ಕೊಡು ಅಂದೆ. ಗೊಣಗಿಕೊಂಡು ಕೊಂಡಿಯ ಒಂದು ಕಿವಿ ಕೊಯ್ದ. ಇನ್ನೊಂದು ಕಿವಿ ಕೊಯ್ಯುವಷ್ಟರಲ್ಲಿ ಕರೆಂಟು ಹೋಯಿತು. ಕಾಯುವ ತಾಳ್ಮೆ ಇರಲಿಲ್ಲ. ಹೊತ್ತುಕೊಂಡು ಬಂದೆ. ಮೇಸ್ತ್ರಿ ಅದನ್ನು ನೋಡಿ ಮೊದಲು ಕೈ ಮುಗಿದ, ಆಮೇಲೆ ನಕ್ಕ, ಆಮೇಲೆ ಕ್ಯಾಬಿನ್ನಿನ ಹಿಂದೆ ಎದೆ ಎತ್ತರಕ್ಕೆ ಬೋಲ್ಟ್ ಹಾಕಿ ಕೂರಿಸಿದ.

ಒಂದು ಮಾತು ಒಪ್ಪಬೇಕು. ಕೆಲಸ ಮಾಡಿತು. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬಂದು ನಲ್ಲಿ ತಿರುಗಿಸಿದರೆ ಅರ್ಧ ಲೋಟ ಕರೀ ಆಯಿಲ್ ಇಳಿಯಿತು. ಹಲಗೆ ಒಣಗಿತ್ತು. ಸೀಳಿನ ಹತ್ತಿರ ಮೂಗಿಟ್ಟರೆ ಬಿಸಿ ಗಾಳಿ, ಅಷ್ಟೇ. ಹಲಗೆಯನ್ನು ಸೋಪಿನ ಪುಡಿ ಹಾಕಿ ಎರಡು ಸಲ ಉಜ್ಜಿ ತೊಳೆದೆ.

ಆರನೇ ದಿನ ಮಧ್ಯಾಹ್ನ ಲೋಡಿಂಗಿಗೆ ಹೊರಟಾಗ ಅವ್ವ, ಹೊಸ ಸಾಮಾನು ಪೂಜೆ ಇಲ್ಲದೆ ಓಡಿಸಬಾರದು ಅಂದಳು. ಎಂಜಿನ್ನಿಗೆ ಮಾಡು ಅಂದೆ. ಎಂಜಿನ್ ಜಿಡ್ಡು, ವಿಭೂತಿ ನಿಲ್ಲುವುದಿಲ್ಲ. ಸ್ಟೀಲಿನ ಡಬ್ಬ ಲಕಲಕ ಅನ್ನುತ್ತಿತ್ತು. ಗುಮ್ಮಟಕ್ಕೆ ಮೂರು ಬೆರಳು ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟು, ಕಳಸಕ್ಕೆ ದಾಸವಾಳ ಸಿಕ್ಕಿಸಿದಳು. ನಾನು ಒರೆಸಬೇಕಿತ್ತು. ಲೋಡಿಗೆ ಹೊತ್ತಾಗುತ್ತದೆ ಅಂತ ಹಾಗೇ ಹೊರಟೆ.

ಲೋಡಿಂಗ್ ಜಾಗದಲ್ಲಿ ಹೂವಿನ ಚೀಲ ತಂದಿದ್ದ ರೈತರು, ಹೂವು ಕೀಳುವ ಹೆಂಗಸರು ಸೇರಿ ಇಪ್ಪತ್ತು ಮೂವತ್ತು ಜನ ಇದ್ದರು. ನಮ್ಮ ಕಡೆ ಒಂದು ಪದ್ಧತಿ ಇದೆ. ಮೊದಲ ಕೊಯ್ಲಿನ ದುಡ್ಡಿನಲ್ಲಿ ಒಂದು ನೋಟು ಮಾದಪ್ಪನಿಗೆ ಮುಡುಪು ಅಂತ ತೆಗೆದಿಡುತ್ತಾರೆ. ಅದನ್ನು ಮನೆಗೆ ಖರ್ಚು ಮಾಡುವ ಹಾಗಿಲ್ಲ. ಮಾದಪ್ಪನ ಬೆಟ್ಟಕ್ಕೆ ಹೋದಾಗ ಅಲ್ಲಿನ ಹುಂಡಿಗೆ ಹಾಕಬೇಕು. ಬೆಟ್ಟ ದೂರ. ಹೋಗುವುದು ಯಾವಾಗಲೋ. ಸೀರೆಯ ಗಂಟಿನಲ್ಲಿ ಆ ನೋಟು ತಿಂಗಳುಗಟ್ಟಲೆ ಕೂತಿರುತ್ತದೆ, ಸೊಂಟಕ್ಕೆ ಚುಚ್ಚುತ್ತಿರುತ್ತದೆ.

ಹರವೆ ಕಡೆಯ ಒಬ್ಬಳು ಮುದುಕಿ ಇದ್ದಳು. ಇಲ್ಲಿ ಮಗಳ ಮನೆಯಲ್ಲಿದ್ದುಕೊಂಡು ಹೂವು ಬೆಳೆಸುವವಳು. ಲಾರಿ ಹತ್ತಿರ ಬಂದು ಗುಮ್ಮಟ ನೋಡಿದಳು. ಚಪ್ಪಲಿ ಬಿಟ್ಟಳು. ಗಂಟು ಬಿಚ್ಚಿ ಒಂದು ನೋಟು, ಒಂದು ಮಡಚಿದ ಚೀಟಿ ತೆಗೆದು, ಕಣ್ಣಿಗೊತ್ತಿಕೊಂಡು ಸೀಳಿಗೆ ಹಾಕಿಬಿಟ್ಟಳು.

"ಅಜ್ಜಿ, ಅದು ಹುಂಡಿ ಅಲ್ಲ ಕಣವ್ವ," ಅಂದೆ.

"ಆಗ್ಲಿ ಬುಡಪ್ಪ. ಎಲ್ಲಿ ಆಕುದ್ರೂ ಅವ್ನ್ಗೇ ಓಗದು."

ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಸಾಲು. ಎಲ್ಲರಿಗೂ ಸೊಂಟದ ಭಾರ ಇಳಿಯಬೇಕಿತ್ತು. ನನ್ನ ಲಾರಿ ಹೋಗುವುದು ಕೇರಳಕ್ಕೆ, ಮಾದಪ್ಪನ ಬೆಟ್ಟ ಇರುವುದು ಅದರ ಎದುರು ದಿಕ್ಕಿಗೆ. ಯಾರೊಬ್ಬರೂ ಆ ಪ್ರಶ್ನೆ ಕೇಳಲಿಲ್ಲ. ಏಜೆಂಟು ಕೂಡ ಬಂದ. ಆರು ದಿನದ ಹಿಂದೆ ನನ್ನ ಕತ್ತು ಹಿಡಿದವನು. ಅದು ಏನು ಡಬ್ಬ ಅಂತ ಅವನಿಗೆ ಬೆಳಗ್ಗೆಯೇ ಪೂರ್ತಿ ವಿವರಿಸಿದ್ದೆ. ಜೇಬಿನಿಂದ ನೋಟು ತೆಗೆದು, ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದು, ಹಾಕಿ, ಕೈ ಮುಗಿದ.

ನಾನು ಜೋರು ಮಾಡಿ ನಿಲ್ಲಿಸಬಹುದಿತ್ತು. ಮಾಡಲಿಲ್ಲ. ಹುಟ್ಟಿದಾಗಿನಿಂದ ಯಾರೂ ನನ್ನ ಲಾರಿ ಮುಂದೆ ಚಪ್ಪಲಿ ಬಿಟ್ಟವರಲ್ಲ. ಆ ಅರ್ಧ ಗಂಟೆ ನನಗೂ ಚೆನ್ನಾಗೇ ಇತ್ತು. ಸ್ವಲ್ಪ ಪಕ್ಕಕ್ಕೆ ಸರಿದು ಜಾಗ ಕೊಟ್ಟೆ. ಮನೆಗೆ ಹೋಗಿ ಮುಚ್ಚಳ ಬಿಚ್ಚಿ ಎಲ್ಲ ತೆಗೆದಿಟ್ಟರಾಯಿತು ಅಂದುಕೊಂಡೆ. ಮನೆಗೆ ಹೋಗಿ ಉಂಡು ಮಲಗಿದೆ.

ಕೇರಳಕ್ಕೆ ಹೋಗುವ ಕಾಡಿನ ರಸ್ತೆಯನ್ನು ಕತ್ತಲಾದ ಮೇಲೆ ಮುಚ್ಚುತ್ತಾರೆ. ಬೆಳಗ್ಗೆ ಆರಕ್ಕೆ ಗೇಟು ತೆಗೆದಾಗ ನನ್ನದು ಮೂರನೇ ಗಾಡಿ. ಹೂವು ಚೆನ್ನಾಗಿತ್ತು, ಹಲಗೆ ಒಣಗಿತ್ತು, ನನ್ನ ಲೋಡು ಉಳಿಯಿತು ಅಂತಲೇ ಹಾಡು ಹೇಳಿಕೊಂಡು ಹೋದೆ. ಕಾಡೊಳಗೆ ಅರ್ಧ ದಾರಿ ಕಳೆದ ಮೇಲೆ ಒಂದು ಏರು ಬರುತ್ತದೆ. ಅಲ್ಲಿ ಗೇರು ಇಳಿಸಿ ತುಳಿದೆ. ಬಾನೆಟ್ ಕೆಳಗೆ ಟಪ್ ಅಂತ ಶಬ್ದ. ಕ್ಯಾಬಿನ್ ತುಂಬ ನೀಲಿ ಹೊಗೆ. ಆಯಿಲ್ ಅಳೆಯುವ ಕಡ್ಡಿ ತನ್ನ ತೂತಿನಿಂದ ಎದ್ದು ಹಾರಿ, ಅಲ್ಲಿಂದ ಆಯಿಲ್ ಬಿಸಿ ಎಂಜಿನ್ ಮೇಲೆ ಕಾರಂಜಿಯ ಹಾಗೆ ಹಾರುತ್ತಿತ್ತು.

ನಿಲ್ಲಿಸಿದೆ. ಕಾಡಿನಲ್ಲಿ ಗಾಡಿ ನಿಲ್ಲಿಸಬಾರದು ಅಂತ ಬೋರ್ಡಿದೆ. ಆ ಬೋರ್ಡಿನ ಕೆಳಗೇ ನಿಂತಿತು. ಹಿಂದೆ ಹೋಗಿ ಸೀಳಿಗೆ ಕೈ ಹಿಡಿದೆ. ಗಾಳಿ ಇಲ್ಲ. ಮೇಸ್ತ್ರಿ ಎದೆಗೆ ತಿವಿದದ್ದು ಆಗ ನೋಯಿತು.

ನಾಲ್ಕು ಬೋಲ್ಟ್ ಬಿಚ್ಚಿ ಗುಮ್ಮಟ ಎತ್ತಿದೆ. ನೋಟುಗಳು ಆಯಿಲ್ ಕುಡಿದು ಹಪ್ಪಳದ ಹಾಗೆ ಜಾಲರಿಗೆ ಒಂದರ ಮೇಲೊಂದು ಮೆತ್ತಿಕೊಂಡಿದ್ದವು. ಒಂದು ಸೂಜಿ ತೂರುವಷ್ಟು ಸಂದಿ ಇರಲಿಲ್ಲ. ನಮ್ಮ ಊರಿನ ಭಕ್ತಿ ಎಷ್ಟು ಗಟ್ಟಿ ಅಂತ ಅವತ್ತು ನೋಡಿದೆ. ಒಂದೊಂದಾಗಿ ಸುಲಿದು ಫುಟ್‌ಬೋರ್ಡಿನ ಮೇಲೆ ಹರಡಿದೆ. ಮುದುಕಿಯ ಚೀಟಿ ಸಿಕ್ಕಿತು. ಮಗಳೋ ಮೊಮ್ಮಗಳೋ ಬರೆದುಕೊಟ್ಟಿದ್ದಿರಬೇಕು, ಅಕ್ಷರ ದುಂಡಗಿತ್ತು. ಆಯಿಲ್ ಹೀರಿ ಎರಡೂ ಕಡೆಯಿಂದ ಓದುವ ಹಾಗಿತ್ತು: "ಮಾದಪ್ಪ, ಹೋದ ಸಲ ನಮ್ಮ ಹೂವು ವಾಪಸ್ ಬಂತು. ಈ ಸಲ ಬರದ ಹಾಗೆ ನೋಡಿಕೋ."

ಆ ನಾಲ್ಕು ಚೀಲ ಅವಳದ್ದು ಅಂತ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಚೀಟಿಯನ್ನು ಶರ್ಟಿನ ಜೇಬಿಗೆ ಹಾಕಿಕೊಂಡೆ.

ಅಷ್ಟರಲ್ಲಿ ಅರಣ್ಯ ಇಲಾಖೆಯ ಜೀಪು ಬಂತು. ಗಾರ್ಡು ಇಳಿದ. ನನ್ನ ಕೈಯಲ್ಲಿ ಸ್ಪ್ಯಾನರು, ಪಕ್ಕದಲ್ಲಿ ವಿಭೂತಿ ಹಚ್ಚಿದ ಗುಮ್ಮಟ, ಫುಟ್‌ಬೋರ್ಡಿನ ತುಂಬ ನೋಟು.

"ಕಾಡೊಳಕ್ ಬಂದು ಹುಂಡಿ ಒಡಿತಿದ್ದೀಯೇನ್ಲಾ?"

"ಹುಂಡಿ ಅಲ್ಲ ಸಾ. ಸೆಪರೇಟರು."

"ಅದ್ಯಾವ ದೇವ್ರು?"

ಎಂಜಿನ್ ತೋರಿಸಿದೆ, ಪೈಪು ತೋರಿಸಿದೆ, ನಲ್ಲಿ ತಿರುಗಿಸಿ ಆಯಿಲ್ ತೋರಿಸಿದೆ. ನಂಬಿದನೋ ಬಿಟ್ಟನೋ. ಫೋನು ತೆಗೆದು ನಾಲ್ಕು ಫೋಟೋ ಹೊಡೆದ. ಆನೆ ಬರುವ ಜಾಗ, ಹತ್ತು ನಿಮಿಷದಲ್ಲಿ ಜಾಗ ಖಾಲಿ ಮಾಡು ಅಂದು ಹೋದ. ಅವನೂ ಗುಂಡ್ಲುಪೇಟೆ ಕಡೆಯವನೇ ಅಂತ ಆಮೇಲೆ ಗೊತ್ತಾಯಿತು.

ಜಾಲರಿ ಒರೆಸಿ, ಗುಮ್ಮಟ ಕೂರಿಸಿ, ಕಡ್ಡಿ ಸಿಕ್ಕಿಸಿ, ಇದ್ದ ಕ್ಯಾನ್ ಆಯಿಲ್ ಸುರಿದು ಹೊರಟೆ. ಎಂಜಿನ್ನಿನ ಹಿಂದೆ ಆಯಿಲ್ ತಡೆಯುವ ಸೀಲು ಸೋರುತ್ತಿತ್ತು, ಆಯಿಲ್ ತಾಗಿ ಕ್ಲಚ್ಚು ಜಾರುತ್ತಿತ್ತು. ಎತ್ತಿನ ಗಾಡಿಯ ಹಾಗೆ ತೆವಳಿಕೊಂಡು ಬತ್ತೇರಿ ಸೇರಿದಾಗ ಮಧ್ಯಾಹ್ನ. ಆಯಿಲ್ ಸೋರಿದ್ದೆಲ್ಲ ಕೆಳಗೆ, ಎಂಜಿನ್ನಿಗೆ. ಹಲಗೆಗೆ ಒಂದು ಹನಿ ಮುಟ್ಟಿರಲಿಲ್ಲ. ವ್ಯಾಪಾರಿ ಪ್ರತಿ ಚೀಲಕ್ಕೂ ಮೂಗು ಹಾಕಿದ. ತಲೆ ಆಡಿಸಿದ. ತಡವಾಯಿತು ಅಂತ ಮಲಯಾಳದಲ್ಲಿ ಒಂದಿಷ್ಟು ಬೈದ, ಆದರೆ ಎಲ್ಲ ಚೀಲವನ್ನೂ ಇಳಿಸಿಕೊಂಡ. ವಾಸನೆ ಇಲ್ಲ ಅಂತ ನನ್ನ ಮುಂದೆಯೇ ಏಜೆಂಟಿಗೆ ಫೋನು ಮಾಡಿ ಹೇಳಿದ. ಲೋಡು ನನ್ನದೇ ಅಂದುಕೊಂಡೆ.

ನಾನು ಗುಂಡ್ಲುಪೇಟೆ ಸೇರುವುದಕ್ಕೆ ಮುಂಚೆ ಗಾರ್ಡು ಹೊಡೆದ ಫೋಟೋ ಸೇರಿತ್ತು. ಎಲ್ಲರ ಫೋನಿನಲ್ಲೂ ನಾನು, ಸ್ಪ್ಯಾನರು, ನೋಟು. ಏಜೆಂಟು ಲೋಡಿಂಗ್ ಜಾಗದಲ್ಲೇ ಕೂತಿದ್ದ. ನನ್ನ ಮುಖ ನೋಡಲಿಲ್ಲ.

"ನಾಳಿಂದ ಹಂಗಳದವ್ನು ಬತ್ತನ," ಅಂದ.

"ವಾಸ್ನ ಇತ್ತಾಣ್ಣ?"

"ಇಲ್ಲ. ಬತ್ತೇರಿ ವ್ಯಾಪಾರಿ ಚೇಟ ಯೋಳ್ದ."

"ಮತ್ತ?"

"ಬೆಳಗಾರ್ರು ಒಪ್ಪಲ್ಲ ಕಣ್ಲಾ. ಮಾದಪ್ಪನ ಹುಂಡಿ ಒಡ್ದವ್ನ ಗಾಡಿಗ ಹೂವ ಏರ್ಸಲ್ಲ ಅಂತವ್ರ."

"ಅದು ಹುಂಡಿ ಅಲ್ಲ ಅಂತ ನಿನ್ಗ ಗೊತ್ತಿತ್ತಲ್ಲಣ್ಣ. ನೆನ್ನ ಬೆಳಿಗ್ಗೇನೇ ನಾನ್ ಯೋಳಿದ್ದಿ."

"ಗೊತ್ತಿತ್ತು."

"ಗೊತ್ತಿದ್ದೂ ನೀನ್ಯಾಕ ನೋಟ್ ಆಕ್ದ?"

ಅವನು ಬೀಡಿ ಹಚ್ಚಿಕೊಂಡ. "ಎಲ್ಲಾರೂ ಆಕ್ತಿದ್ರು. ನಾನೊಬ್ಬ ಆಕ್ದಂಗ ನಿಂತ್ಕಂಡ್ರ ಜನ ಏನಂದಾರು?"



ನೋಟು ವಾಪಸ್ ಕೊಡಲು ಮನೆಮನೆಗೆ ಹೋದೆ. ದೇವರಿಗೆ ಕೊಟ್ಟದ್ದನ್ನು ವಾಪಸ್ ತಗೊಂಡರೆ ಕೇಡು ಅಂತ ಒಬ್ಬರೂ ಮುಟ್ಟಲಿಲ್ಲ. ಕೇಡು ಆಗಲೇ ನನ್ನ ಸೀಲಿಗೆ ಆಗಿತ್ತು. ಅವ್ವ ಎಲ್ಲವನ್ನೂ ಸೋಪಿನ ಪುಡಿಯಲ್ಲಿ ತೊಳೆದು, ಬೆಟ್ಟಕ್ಕೆ ಹೊರಟಿದ್ದ ಪಕ್ಕದ ಮನೆಯವರ ಕೈಯಲ್ಲಿ ಕಳಿಸಿದಳು. ಜಿಡ್ಡು ಪೂರ್ತಿ ಹೋಗಿರಲಿಲ್ಲ. ಮುದುಕಿ ಮಾತ್ರ ಒಂದು ಕೇಳಿದಳು, ಅವಳ ಹೂವು ವಾಪಸ್ ಬಂತಾ ಅಂತ. ಇಲ್ಲ ಅಂದೆ. ನಿನ್ನ ಗಾಡಿಗೇ ಹಾಕುತ್ತೇನೆ ಅಂತ ಅವಳೇನೂ ಹೇಳಲಿಲ್ಲ. ನೋಡಿದೆಯಾ ಮಾದಪ್ಪನ ಸತ್ಯ ಅಂದಳು. ನೋಡಿದೆ ಅಂದೆ.

ಸೀಲು ಹಾಕಿಸಿದ ಮೇಲೆ ಗುಮ್ಮಟ ಕಿತ್ತು ಎಸೆದೆ. ತಗಡಿನ ಮುಚ್ಚಳಕ್ಕೆ ಒಂದು ಡೊಂಕು ಪೈಪು ಬೆಸುಗೆ ಹಾಕಿಸಿ, ಡಬ್ಬಕ್ಕೆ ಕರಿ ಬಣ್ಣ ಬಳಿದೆ. ಈಗ ಸಂತೆಮರಹಳ್ಳಿಯಿಂದ ತೆಂಗಿನಕಾಯಿ ಲೋಡು ಹೊಡೆಯುತ್ತಿದ್ದೇನೆ. ತೆಂಗಿನಕಾಯಿಗೆ ಯಾರೂ ಮೂಗು ಹಾಕುವುದಿಲ್ಲ. ಹೂವಿನ ಲೋಡು ಹೋದ ವರ್ಷ ಹಂಗಳದವನಿಗೇ ಹೋಯಿತು, ಈ ವರ್ಷವೂ ಅವನಿಗೇ. ಇಷ್ಟೇ.